ಜುಟ್ಟಿಗೆ ಕೈ ಬಿದ್ದ ಮೇಲೆ: ಮೋಚೆ ಹೂಜಿಗಳ ಯುದ್ಧ ಎಷ್ಟು ನಿಜ?

ಪ್ರಶ್ನೆ: ಪ್ರಾಚೀನ ಪೆರುವಿನ ಮೋಚೆ ಜನರ ಮಣ್ಣಿನ ಹೂಜಿಗಳ ಮೇಲಿನ ಯುದ್ಧದ ಚಿತ್ರಗಳನ್ನು ಈಚೆಗೆ ನೋಡಿದೆ. ಯೋಧರು ಮೈತುಂಬ ಒಡವೆ ತೊಟ್ಟು ಇಬ್ಬಿಬ್ಬರಾಗಿ ಹೊಡೆದಾಡುತ್ತಾರೆ, ಆದರೆ ಎಲ್ಲೂ ಹೆಣ ಬಿದ್ದಂತೆ ಕಾಣುವುದಿಲ್ಲ. ಇದು ನಿಜವಾದ ಯುದ್ಧವೋ, ಹಬ್ಬದ ದಿನ ನಡೆಯುವ ಕುಸ್ತಿಯಂತಹ ಆಚರಣೆಯೋ? ಬರವಣಿಗೆಯನ್ನೇ ಬಿಟ್ಟುಹೋಗದ ಜನರ ಚಿತ್ರಗಳನ್ನು ಎಷ್ಟರ ಮಟ್ಟಿಗೆ ನಂಬಬಹುದು?

ಉತ್ತರ: ಎಲ್ಲೂ ಹೆಣ ಕಾಣುವುದಿಲ್ಲ ಎಂಬುದನ್ನು ನೀವು ಗುರುತಿಸಿದ್ದು ನನಗೆ ಬಹಳ ಸಂತೋಷ ಕೊಟ್ಟಿತು. ಈ ಚಿತ್ರಗಳನ್ನು ಮೊದಲ ಬಾರಿ ನೋಡುವವರ ಕಣ್ಣು ಒಡವೆ, ಆಯುಧ, ಕಿರೀಟಗಳ ಮೇಲೆಯೇ ನಿಂತುಬಿಡುತ್ತದೆ. ಇಲ್ಲದಿರುವುದು ಕಾಣುವುದು ಬಹಳ ಕಾಲದ ಮೇಲೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಮೋಚೆ ಚಿತ್ರಕಾರರು ಯುದ್ಧವನ್ನು ಬಿಡಿಸಲೇ ಇಲ್ಲ. ಯುದ್ಧದೊಳಗಿನ ಒಂದೇ ಒಂದು ಸಂಗತಿಯನ್ನು, ಮನುಷ್ಯನೊಬ್ಬ ಸೆರೆಯಾಳಾಗುವುದನ್ನು, ಮತ್ತೆ ಮತ್ತೆ ಬಿಡಿಸಿದರು. ಆ ಒಂದು ಸಂಗತಿಯ ಮಟ್ಟಿಗೆ ಅವರು ಸುಳ್ಳಾಡಲಿಲ್ಲ ಎಂಬುದಕ್ಕೆ ನಮ್ಮ ಬಳಿ ಮೂಳೆಗಳ ಸಾಕ್ಷಿ ಇದೆ. ಉಳಿದ ಯುದ್ಧವನ್ನು ನಾವು ಬೇರೆ ಕಡೆ ಹುಡುಕಬೇಕು.

ಹಿನ್ನೆಲೆ ಚಿಕ್ಕದಾಗಿ ಹೇಳುತ್ತೇನೆ. ಪೆರುವಿನ ಉತ್ತರ ಕರಾವಳಿ ಮಳೆಯೇ ಬೀಳದ ಮರುಭೂಮಿ. ಆಂಡೀಸ್ ಬೆಟ್ಟಗಳಿಂದ ಇಳಿದು ಶಾಂತಸಾಗರಕ್ಕೆ ಸೇರುವ ಚಿಕ್ಕ ನದಿಗಳ ಇಕ್ಕೆಲಗಳಲ್ಲಿ ಮಾತ್ರ ಹಸಿರು. ಅಂತಹ ಕಣಿವೆಗಳಲ್ಲಿ ಕಾಲುವೆ ತೋಡಿ ಮೆಕ್ಕೆಜೋಳ, ಹುರುಳಿಕಾಯಿ, ಹತ್ತಿ ಬೆಳೆದು, ಕ್ರಿ.ಶ. ಸುಮಾರು 200ರಿಂದ 850ರವರೆಗೆ ಬಾಳಿದವರು ಮೋಚೆಗಳು. ಇಂಕಾಗಳಿಗಿಂತ ಬಹಳ ಹಿಂದಿನವರು. ಅವರೆಲ್ಲ ಒಬ್ಬನೇ ಅರಸನ ಕೈಕೆಳಗಿದ್ದರು ಎಂಬ ಹಳೆಯ ನಂಬಿಕೆಯನ್ನು ಈಗ ಹೆಚ್ಚಿನ ವಿದ್ವಾಂಸರು ಒಪ್ಪುವುದಿಲ್ಲ. ಕಣಿವೆಗೊಂದು ಕಣಿವೆಗೆರಡು ಎಂಬಂತೆ ಬೇರೆ ಬೇರೆ ಪ್ರಭುತ್ವಗಳಿದ್ದವು, ದೇವರು ಮತ್ತು ಕಲೆ ಮಾತ್ರ ಹಂಚಿಕೊಂಡವಾಗಿದ್ದವು. ಈ ಮಾತು ಮುಂದೆ ಬೇಕಾಗುತ್ತದೆ. ಇವರ ಅತಿ ದೊಡ್ಡ ಕೇಂದ್ರಗಳಲ್ಲೊಂದು ಇಂದಿನ ತ್ರುಹಿಯೊ ನಗರದ ಬಳಿ ಇದೆ. ಹಸಿ ಇಟ್ಟಿಗೆಯಲ್ಲಿ ಕಟ್ಟಿದ ಎರಡು ಬೃಹತ್ ದಿಬ್ಬಗಳು ಅಲ್ಲಿ ಎದುರುಬದುರಾಗಿ ನಿಂತಿವೆ: ವಾಕಾ ದೆಲ್ ಸೋಲ್ ಮತ್ತು ವಾಕಾ ದೆ ಲಾ ಲೂನಾ. ಸೂರ್ಯನ ಗುಡಿ, ಚಂದ್ರನ ಗುಡಿ ಎಂಬ ಅರ್ಥದ ಈ ಹೆಸರುಗಳು ಸ್ಪ್ಯಾನಿಷರು ಬಂದ ಮೇಲೆ ಬಂದವು. ಮೋಚೆಗಳು ಏನೆಂದು ಕರೆಯುತ್ತಿದ್ದರೋ, ಆ ಮಾತು ಅವರೊಂದಿಗೇ ಹೋಯಿತು.

ಈಗ ಒಂದು ಹೂಜಿಯನ್ನು ಕೈಯಲ್ಲಿ ಹಿಡಿದಿದ್ದೀರಿ ಎಂದುಕೊಳ್ಳಿ. ಉರುಟು ಹೊಟ್ಟೆ, ಅದರ ಮೇಲೆ ಕಮಾನಿನಂತೆ ಬಾಗಿದ ಟೊಳ್ಳು ಹಿಡಿ, ಹಿಡಿಯ ನೆತ್ತಿಯಿಂದ ಎದ್ದ ಒಂದೇ ಮೂತಿ. ಕೆನೆಬಣ್ಣದ ಮೈಮೇಲೆ ಕೆಮ್ಮಣ್ಣಿನ ಬಣ್ಣದಿಂದ ಕೂದಲೆಳೆಯ ಗೆರೆಗಳು. ಚಿತ್ರ ಹೊಟ್ಟೆಯ ಸುತ್ತ ಸಾಗುವುದರಿಂದ ಹೂಜಿಯನ್ನು ತಿರುಗಿಸದೆ ಕಥೆ ಪೂರ್ತಿಯಾಗುವುದಿಲ್ಲ. ಯೋಧ ತೊಟ್ಟ ಶಿರಸ್ತ್ರಾಣ ಶಂಕುವಿನಾಕಾರದ್ದು, ತುದಿಯಲ್ಲಿ ಅರ್ಧಚಂದ್ರದ ಅಲಗು. ಮಣಿಕಟ್ಟಿಗೆ ಬಿಗಿದ ಪುಟ್ಟ ಗುರಾಣಿ, ಕೆಲವರದು ದುಂಡು, ಕೆಲವರದು ಚೌಕ. ಸೊಂಟದ ಹಿಂದೆ ತೂಗುವ ಲೋಹದ ತಗಡು. ಇದು ಚಿತ್ರಕಾರನ ಅಲಂಕಾರವಲ್ಲ, ಸಿಪಾನ್ ಎಂಬ ಊರಿನ ಗೋರಿಯಿಂದ ಕಳುವಾಗಿ 1997ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಪತ್ತೆಯಾದ ಅಂತಹ ಒಂದು ಚಿನ್ನದ ತಗಡು ಒಂದು ಕಿಲೋಗಿಂತ ಹೆಚ್ಚು ತೂಗುತ್ತದೆ. ಕೈಯಲ್ಲಿ ಉದ್ದ ಹಿಡಿಯ ಗದೆ. ಅದರ ತಲೆ ಎರಡು ಶಂಕುಗಳನ್ನು ಬುಡಕ್ಕೆ ಬುಡ ಸೇರಿಸಿದಂತೆ ನಡುವೆ ಉಬ್ಬಿದೆ, ಕೆಳತುದಿ ಮೊನಚಾಗಿದೆ. ಹೊಡೆಯಲೂ ಆಯಿತು, ತಿವಿಯಲೂ ಆಯಿತು.

ಇಬ್ಬರಲ್ಲಿ ಸೋಲುವವನು ಯಾರು ಎಂದು ತಿಳಿಯಬೇಕಾದರೆ ಮೊದಲು ಮೂಗನ್ನು ನೋಡಿ. ಗದೆಯ ಏಟು ಮುಖಕ್ಕೆ ಬಿದ್ದಿರುತ್ತದೆ, ಮೂಗಿನಿಂದ ರಕ್ತ ಚಿಮ್ಮುತ್ತಿರುತ್ತದೆ. ಅವನ ಶಿರಸ್ತ್ರಾಣ ಕಳಚಿ ಬೀಳುತ್ತಿರುತ್ತದೆ. ಅದರ ಮುಂದಿನ ಚಲನೆಯೇ ಎಲ್ಲಕ್ಕೂ ಮುಖ್ಯವಾದದ್ದು: ಗೆದ್ದವನು ಸೋತವನ ಜುಟ್ಟು ಹಿಡಿಯುತ್ತಾನೆ. ಜುಟ್ಟು ಕೈಗೆ ಸಿಕ್ಕಿತು ಎಂಬ ಮಾತಿಗೆ ಕನ್ನಡದಲ್ಲಿ ಇರುವ ಅರ್ಥವೆಲ್ಲ ಆ ಚಿತ್ರದಲ್ಲಿದೆ. ಜುಟ್ಟಿಗೆ ಕೈ ಬಿದ್ದಲ್ಲಿಗೆ ಕಾಳಗ ಮುಗಿಯಿತು. ಸೋತವನ ಬಟ್ಟೆ, ಒಡವೆ, ಆಯುಧಗಳನ್ನೆಲ್ಲ ಕಳಚಿ ಗಂಟು ಕಟ್ಟಿ, ಆ ಗಂಟನ್ನು ಗೆದ್ದವನು ತನ್ನದೇ ಗದೆಗೆ ಸಿಕ್ಕಿಸಿ ಹೆಗಲ ಮೇಲೆ ಹೊರುತ್ತಾನೆ. ಸೋತವನು ಬೆತ್ತಲೆಯಾಗಿ, ಕೊರಳಿಗೆ ಹಗ್ಗ ಬಿಗಿಸಿಕೊಂಡು ಮುಂದೆ ನಡೆಯುತ್ತಾನೆ. ಸುತ್ತ ಕಳ್ಳಿಗಿಡ, ಮರಳ ದಿಬ್ಬ. ಕಾಳಗ ನಡೆದದ್ದು ಊರ ಹೊರಗೆ, ಹೊಲಗಳ ಆಚೆ ಎಂದು ತಿಳಿಸಲು ಚಿತ್ರಕಾರನಿಗೆ ಅಷ್ಟೇ ಸಾಕು.

ಆ ಹಗ್ಗದ ಇನ್ನೊಂದು ತುದಿ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಬೇರೆ ಹೂಜಿಗಳು ತೋರಿಸುತ್ತವೆ. ಸೆರೆಯಾಳುಗಳ ಕುತ್ತಿಗೆ ಕೊಯ್ಯುತ್ತಾರೆ, ರಕ್ತವನ್ನು ಕಾಲುಳ್ಳ ಎತ್ತರದ ಬಟ್ಟಲಿನಲ್ಲಿ ಹಿಡಿಯುತ್ತಾರೆ, ಹೆಗಲಿನಿಂದ ಕಿರಣಗಳು ಹೊಮ್ಮುವ ಒಬ್ಬ ಪ್ರಮುಖನಿಗೆ ಅದನ್ನು ಅರ್ಪಿಸುತ್ತಾರೆ. ಅವನ ಎದುರು ಗೂಬೆಯ ರೂಪದ ಒಬ್ಬ ಪೂಜಾರಿ, ಆ ಪೂಜಾರಿಯ ಹಿಂದೆ ಕುಚ್ಚುಗಳ ಶಿರೋಭೂಷಣ ತೊಟ್ಟ ಒಬ್ಬ ಹೆಂಗಸು. ಅಮೆರಿಕದ ಪುರಾತತ್ವಜ್ಞ ಕ್ರಿಸ್ಟೊಫರ್ ಡೊನ್ನನ್ 1970ರ ದಶಕದಲ್ಲಿ ಈ ದೃಶ್ಯವನ್ನು ಪ್ರತ್ಯೇಕವಾಗಿ ಗುರುತಿಸಿ ವಿವರಿಸಿದರು. ಆಗ ಬಹಳ ಜನ ಇದನ್ನು ದೇವಲೋಕದ ಕಥೆ, ಪುರಾಣ ಎಂದೇ ತಿಳಿದಿದ್ದರು. ಹಾಗೆ ತಿಳಿದದ್ದು ತಪ್ಪೇನೂ ಅಲ್ಲ; ರೆಕ್ಕೆಯ, ಕೊಕ್ಕಿನ, ಕೋರೆಹಲ್ಲಿನ ಜೀವಿಗಳೇ ತುಂಬಿರುವ ಚಿತ್ರವನ್ನು ಯಾರು ತಾನೇ ವರದಿ ಎಂದು ಓದುತ್ತಾರೆ?

1987ರಲ್ಲಿ ಲಂಬಾಯೆಕೆ ಪ್ರಾಂತದ ಸಿಪಾನ್‌ನಲ್ಲಿ ಗೋರಿಗಳ್ಳರು ಒಂದು ಮಣ್ಣಿನ ದಿಬ್ಬವನ್ನು ಅಗೆದು ಚಿನ್ನ ದೋಚಿದರು. ಸುದ್ದಿ ತಿಳಿದು ಧಾವಿಸಿದ ಪೆರುವಿನ ಪುರಾತತ್ವಜ್ಞ ವಾಲ್ತರ್ ಆಲ್ವಾ, ಊರವರ ಸಿಟ್ಟು ಮತ್ತು ಕಳ್ಳರ ಬೆದರಿಕೆಯ ನಡುವೆ ಅಲ್ಲೇ ಕಾವಲು ನಿಂತು ಉತ್ಖನನ ಮಾಡಿಸಿದರು. ಕಳ್ಳರ ಕೈಗೆ ಸಿಗದೆ ಉಳಿದಿದ್ದ ಗೋರಿಯೊಂದರಲ್ಲಿ ಮಲಗಿದ್ದವನು ಹೂಜಿಯ ಆ ಕಿರಣಗಳ ಪುರುಷನೇ: ಅದೇ ಅರ್ಧಚಂದ್ರದ ಶಿರೋಭೂಷಣ, ಅದೇ ಸೊಂಟದ ತಗಡು, ಅದೇ ಬಗೆಯ ಕಿವಿಯೋಲೆ. ಅವನ ರಾಜದಂಡದ ತಲೆಯ ಮೇಲೆ ಯೋಧನೊಬ್ಬ ಸೆರೆಯಾಳಿನ ಮುಖಕ್ಕೆ ಗದೆಯಿಂದ ಹೊಡೆಯುವ ಕೆತ್ತನೆ ಇತ್ತು. ಇನ್ನೊಂದು ಗೋರಿಯಲ್ಲಿ ಗೂಬೆಯ ಶಿರೋಭೂಷಣದವನು ಸಿಕ್ಕಿದ. 1991ರಲ್ಲಿ ಸಾನ್ ಹೋಸೆ ದೆ ಮೋರೊ ಎಂಬಲ್ಲಿ ಕುಚ್ಚುಗಳ ಶಿರೋಭೂಷಣದ ಹೆಂಗಸೂ, ಅವಳ ಜೊತೆಗೆ ಅಂತಹದೇ ಎತ್ತರದ ಬಟ್ಟಲೂ ಸಿಕ್ಕಿದವು. ಅವಳು ಸಿಪಾನ್‌ನವನಿಗಿಂತ ಶತಮಾನಗಳಷ್ಟು ಈಚಿನವಳು. ಹೂಜಿಗಳ ಮೇಲಿದ್ದದ್ದು ಒಬ್ಬ ವ್ಯಕ್ತಿಯ ಚಿತ್ರವಲ್ಲ, ತಲೆಮಾರಿನಿಂದ ತಲೆಮಾರಿಗೆ ಯಾರಾದರೊಬ್ಬರು ವಹಿಸಿಕೊಳ್ಳುತ್ತಿದ್ದ ಪಟ್ಟದ ಚಿತ್ರ.

ವೇಷ ನಿಜವೆಂದಾಯಿತು. ಕೊಲೆ? ಅದಕ್ಕೆ ಉತ್ತರ ಸಿಕ್ಕಿದ್ದು 1995ರಲ್ಲಿ, ವಾಕಾ ದೆ ಲಾ ಲೂನಾದ ಹಿಂಬದಿಯ ಒಂದು ಅಂಗಳದಲ್ಲಿ. ಪುರಾತತ್ವಜ್ಞ ಸ್ಟೀವ್ ಬೂರ್ಜೆ ಅಲ್ಲಿ ಅಗೆಯುತ್ತ ಹೋದಂತೆ ಎಪ್ಪತ್ತರಷ್ಟು ಜನರ ಅಸ್ಥಿಗಳು ಹೊರಬಿದ್ದವು. ಎಲ್ಲರೂ ಗಂಡಸರು, ಹದಿಹರೆಯದಿಂದ ನಡುವಯಸ್ಸಿನ ಒಳಗಿನವರು. ಕೆಲವರ ಮೂಳೆಗಳು ಗಟ್ಟಿಯಾದ ಕೆಸರಿನ ಪದರದೊಳಗಿದ್ದವು. ಮರುಭೂಮಿಯಲ್ಲಿ ಕೆಸರು ಬಂದದ್ದು, ಕೆಲವು ವರ್ಷಗಳಿಗೊಮ್ಮೆ ಸಮುದ್ರ ಬಿಸಿಯಾಗಿ ಆ ಕರಾವಳಿಗೆ ಸುರಿಯುವ ಎಲ್ ನಿನ್ಯೊ ಮಳೆಯಿಂದ. ಇಟ್ಟಿಗೆಯ ಗೋಡೆಗಳು ಕರಗಿ ಹರಿಯುತ್ತಿದ್ದಾಗಲೇ ಬಲಿ ನಡೆದಿತ್ತು. ಹೆಣಗಳನ್ನು ಹೂಳಿರಲಿಲ್ಲ. ನೊಣದ ಗೂಡುಗಳು ಮೂಳೆಗಳ ಜೊತೆಗೇ ಸಿಕ್ಕಿದ್ದರಿಂದ ಅವು ಬಯಲಿನಲ್ಲೇ ಕೊಳೆತವೆಂದು ತಿಳಿಯಿತು. ಅವುಗಳ ನಡುವೆ ಕೊರಳಿಗೆ ಹಗ್ಗ ಸುತ್ತಿಸಿಕೊಂಡು ಕುಳಿತ ಬೆತ್ತಲೆ ಗಂಡಸರ, ಸುಡದ ಮಣ್ಣಿನ ಮೂರ್ತಿಗಳೂ ಬೇಕೆಂದೇ ಒಡೆದ ಸ್ಥಿತಿಯಲ್ಲಿ ಬಿದ್ದಿದ್ದವು. ಮನುಷ್ಯನಿಗೆ ಮಾಡಿದ್ದನ್ನೇ ಮಣ್ಣಿಗೂ ಮಾಡಿದ್ದರು.

ಮೂಳೆಗಳನ್ನು ಅಧ್ಯಯನ ಮಾಡಿದ ಜಾನ್ ವೆರಾನೊ ಕಂಡದ್ದು ನಿಮ್ಮ ಪ್ರಶ್ನೆಗೆ ನೇರ ಉತ್ತರ. ಕುತ್ತಿಗೆಯ ಕಶೇರುಗಳ ಮುಂಭಾಗದಲ್ಲಿ ಚೂರಿಯ ಗೀರುಗಳಿದ್ದವು: ಹೂಜಿಯಲ್ಲಿ ತೋರಿಸಿದಂತೆಯೇ ಕೊರಳು ಕೊಯ್ದಿದ್ದರು. ಹಲವರ ತಲೆಬುರುಡೆ, ಪಕ್ಕೆಲುಬು, ಕೈಕಾಲುಗಳಲ್ಲಿ ಎಂದೋ ಮುರಿದು ಕೂಡಿಕೊಂಡ ಗುರುತುಗಳಿದ್ದವು. ಅಂದರೆ ಅವರು ಹಿಂದೆಯೂ ಹೊಡೆದಾಡಿ ಬದುಕಿ ಬಂದವರು, ಪಳಗಿದ ಕಾಳಗದಾಳುಗಳು. ಇನ್ನು ಕೆಲವು ಮುರಿತಗಳು ಆಗತಾನೇ ಕೂಡಿಕೊಳ್ಳಲು ಶುರುವಾಗಿದ್ದವು. ಅವುಗಳಲ್ಲಿ ಒಂದು ಬಗೆಯನ್ನು ನಾನು ಎಂದೂ ಮರೆಯಲಾರೆ: ಮುಂಗೈಯಲ್ಲಿ ಕಿರುಬೆರಳ ಕಡೆಗಿರುವ ಮೂಳೆಯ ಮುರಿತ. ತಲೆಯ ಮೇಲೆ ಗದೆ ಬೀಳುತ್ತಿರುವಾಗ ಒಮ್ಮೆ ನಿಮ್ಮ ಕೈಯನ್ನು ಅಡ್ಡ ಎತ್ತಿ ನೋಡಿ. ಏಟು ತಾಗುವುದು ಸರಿಯಾಗಿ ಆ ಮೂಳೆಗೇ. ಆ ಮೂಳೆ ಕೂಡಲು ಶುರುವಾಗಿತ್ತು ಎಂದರೆ ಏಟಿಗೂ ಸಾವಿಗೂ ನಡುವೆ ಕೆಲವು ವಾರಗಳು ಕಳೆದಿದ್ದವು. ಕೈ ಮುರಿದುಕೊಂಡು, ಮುಂದೇನಾಗುವುದೆಂದು ತಿಳಿದುಕೊಂಡೇ ಆ ಗಂಡಸರು ಅಷ್ಟು ದಿನ ಕಾದಿದ್ದರು. ಕಾಳಗದಲ್ಲಿ ಯಾರೂ ಸಾಯದಂತೆ ಚಿತ್ರಕಾರ ಬಿಡಿಸಿದ್ದು ಏಕೆಂದು ಆ ಮೂಳೆ ಹೇಳುತ್ತದೆ: ಅವರ ಸಾವನ್ನು ಬೇರೊಂದು ಜಾಗಕ್ಕೆ, ಬೇರೊಂದು ದಿನಕ್ಕೆ ತೆಗೆದಿಟ್ಟಿದ್ದರು.

ಇಷ್ಟಾದ ಮೇಲೂ ವಿದ್ವಾಂಸರ ವಾದ ನಿಂತಿಲ್ಲ. ಒಂದು ಪಕ್ಷದವರು ಹೇಳುವುದು: ಸೆರೆಹಿಡಿಯುವುದಕ್ಕೆಂದೇ, ಗಣ್ಯರ ನಡುವೆ, ನಿಯಮಕ್ಕೆ ಒಳಪಟ್ಟು ನಡೆದ ಕಾಳಗಗಳು ಇವು, ಎರಡೂ ಕಡೆಯವರು ಒಂದೇ ಬಗೆಯ ಉಡುಪಿನಲ್ಲಿರುವುದೇ ಇದಕ್ಕೆ ಸಾಕ್ಷಿ. ಬೊಲಿವಿಯಾದ ಎತ್ತರದ ಊರುಗಳಲ್ಲಿ ಇಂದಿಗೂ ಹಬ್ಬದ ದಿನ ಎರಡು ಗುಂಪಿನವರು ಹೊಡೆದಾಡಿ ಭೂಮಿತಾಯಿಗೆ ರಕ್ತ ಚೆಲ್ಲುವ ತಿಂಕು ಎಂಬ ಆಚರಣೆಯನ್ನು ಅವರು ಹೋಲಿಕೆಗೆ ತರುತ್ತಾರೆ. ಇನ್ನೊಂದು ಪಕ್ಷದವರಿಗೆ ಇದು ನೀರು ನೆಲಗಳಿಗಾಗಿ ಕಣಿವೆ ಕಣಿವೆಗಳ ನಡುವೆ ನಡೆದ ಯುದ್ಧ. ಬಲಿ ಅದರ ಕೊನೆಯ ಅಂಕ ಮಾತ್ರ.

ತಿಂಕು ಹೋಲಿಕೆ ನನಗೆ ಎಂದೂ ಸಮಾಧಾನ ಕೊಟ್ಟಿಲ್ಲ. ತಿಂಕುವಿನಲ್ಲಿ ಹೊಡೆದಾಡಿದವರು ಸಂಜೆ ತಮ್ಮ ತಮ್ಮ ಮನೆಗೆ ಹೋಗುತ್ತಾರೆ. ಅಲ್ಲಿ ಯಾರನ್ನೂ ಬೆತ್ತಲೆ ಮಾಡಿ, ವಾರಗಟ್ಟಲೆ ಸೆರೆಯಲ್ಲಿಟ್ಟು, ಕೊರಳು ಕೊಯ್ದು ನೊಣಗಳಿಗೆ ಬಿಡುವುದಿಲ್ಲ. ಒಂದೇ ಉಡುಪಿನ ವಾದವೂ ಅಷ್ಟು ಗಟ್ಟಿಯಲ್ಲ. ಮೊದಲೇ ಹೇಳಿದೆನಲ್ಲ, ಮೋಚೆ ಪ್ರಭುತ್ವಗಳು ಹಲವು. ಒಂದೇ ದೇವರು, ಒಂದೇ ಉಡುಪು ಇದ್ದವರು ಶತ್ರುಗಳಾಗಬಾರದೆಂದೇನೂ ಇಲ್ಲ. ಚಂದ್ರನ ಗುಡಿಯಲ್ಲಿ ಬಲಿಯಾದವರ ಹಲ್ಲಿನ ಆಕಾರವನ್ನು ಸ್ಥಳೀಯರ ಹಲ್ಲಿನೊಂದಿಗೆ ಹೋಲಿಸಿದ ಅಧ್ಯಯನ, ಅವರು ಆ ಕಣಿವೆಯವರಲ್ಲ, ಬೇರೆ ಕಣಿವೆಗಳಿಂದ ತಂದವರಿರಬೇಕು ಎಂದು ತೋರಿಸಿತು. ಕೆಲವು ಹೂಜಿಗಳಲ್ಲಂತೂ ಎದುರಾಳಿಗಳ ಉಡುಪು, ಆಯುಧ, ಮುಖದ ಬಣ್ಣ ಎಲ್ಲವೂ ಬೇರೆ. ಅವರನ್ನು ಬೆಟ್ಟದ ಮೇಲಿನ ರೆಕುವಾಯ್ ಜನರೊಂದಿಗೆ ಹೋಲಿಸುತ್ತಾರೆ. ನದಿಯ ನೀರು ಮೊದಲು ಬೆಟ್ಟದವರ ಕೈಯಲ್ಲಿ, ಆಮೇಲೆ ಕರಾವಳಿಯವರ ಕೈಯಲ್ಲಿ ಎಂಬುದನ್ನು ನೆನೆದರೆ ಆ ಜಗಳ ಅರ್ಥವಾಗುತ್ತದೆ.

ಹಾಗೆಂದು ಆಚರಣೆಯೇ ಇರಲಿಲ್ಲವೆಂದು ನಾನು ಹೇಳುತ್ತಿಲ್ಲ. ಆಚರಣೆಯೋ ಯುದ್ಧವೋ ಎಂದು ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕೆನ್ನುವುದು ನಮ್ಮ ಕಾಲದ ಒತ್ತಾಯ. ಗೆದ್ದ ನೆಲ ಅರಸನಿಗೆ, ಹಿಡಿದ ಸೆರೆಯಾಳು ದೇವರಿಗೆ ಎಂದು ನಂಬಿದವನಿಗೆ ಎರಡೂ ಒಂದೇ ಕೆಲಸದ ಎರಡು ತುದಿ.

ಚಿತ್ರಕಾರರು ಬಿಟ್ಟದ್ದೇನು ಎಂಬುದಕ್ಕೆ ಬರೋಣ. ಊರಿಗೆ ಮುತ್ತಿಗೆ ಹಾಕಿದ, ಮನೆ ಸುಟ್ಟ, ಕಾಲುವೆ ಒಡೆದ ಚಿತ್ರ ಇಲ್ಲ. ಸಾಲುಗಟ್ಟಿ ನಿಂತ ಕಾಲಾಳುಗಳಿಲ್ಲ. ಕೋಟೆಯ ಮೇಲಿನ ದಾಳಿ ಇಲ್ಲ. ಆದರೆ ನೆಲದ ಮೇಲೆ ಕೋಟೆಗಳಿವೆ. ಹೆಕೆತೆಪೆಕೆ ಕಣಿವೆಯಲ್ಲಿ ಮೋಚೆಗಳ ಕೊನೆಯ ಕಾಲದಲ್ಲಿ ಬೆಟ್ಟಗಳ ನೆತ್ತಿಗೆ ದಪ್ಪ ಕಲ್ಲಿನ ಗೋಡೆಗಳು ಎದ್ದವು, ಸೆರ್ರೊ ಚೆಪೆನ್ ಅವುಗಳಲ್ಲಿ ಬಹಳ ದೊಡ್ಡದು. ಅಂತಹ ನೆಲೆಗಳ ಗೋಡೆಗಳ ಬದಿಯಲ್ಲಿ ಕವಣೆಕಲ್ಲುಗಳ ರಾಶಿಗಳೂ ಸಿಕ್ಕಿವೆ. ಕವಣೆ ಬಡವನ ಆಯುಧ. ದೂರದಿಂದ, ಯಾರ ಕಲ್ಲು ಯಾರಿಗೆ ತಾಗಿತೆಂದು ತಿಳಿಯದಂತೆ ಕೊಲ್ಲುತ್ತದೆ. ಅದಕ್ಕೆ ಹೂಜಿಯ ಮೇಲೆ ಸಿಕ್ಕ ಜಾಗ ಬಹಳ ಕಡಿಮೆ. ಗದೆಗೆ ಸಿಕ್ಕ ಜಾಗ ಲೆಕ್ಕವಿಲ್ಲದಷ್ಟು, ಏಕೆಂದರೆ ಗದೆಯಿಂದ ಹೊಡೆಯಬೇಕಾದರೆ ಮುಖಕ್ಕೆ ಮುಖ ಕೊಟ್ಟು ನಿಲ್ಲಬೇಕು, ಹೊಡೆದವನ ಹೆಸರು ಉಳಿಯುತ್ತದೆ. ಈ ಹೂಜಿಗಳು ಗಣ್ಯರಿಗೆ ತಮ್ಮ ಬಗ್ಗೆ ಇದ್ದ ಕಲ್ಪನೆಯನ್ನು ಹೇಳುತ್ತವೆ. ಕಲ್ಲು ಬೀಸಿದ ರೈತನ ಯುದ್ಧ ಗೋಡೆಯ ಬುಡದ ಆ ರಾಶಿಯಲ್ಲಿ ಮಾತ್ರ ಉಳಿದಿದೆ.

ಹೆಂಗಸರ ವಿಷಯದಲ್ಲಿ ಚಿತ್ರ ಮತ್ತು ನೆಲ ಇನ್ನೂ ದೂರ ನಿಲ್ಲುತ್ತವೆ. ಚಿತ್ರದ ಕಾಳಗದಲ್ಲಿ ಹೆಂಗಸರಿಲ್ಲ. ಆದರೆ ಎಲ್ ಬ್ರೂಹೊ ಎಂಬ ನೆಲೆಯ ಕಾವೊ ವಿಯೆಹೊ ದಿಬ್ಬದಲ್ಲಿ 2005ರಲ್ಲಿ ದೊರೆತ, ತೋಳುಗಳ ಮೇಲೆ ಹಾವು ಜೇಡಗಳ ಹಚ್ಚೆ ಹಾಕಿಸಿಕೊಂಡಿದ್ದ ತರುಣಿಯ ಹೆಣ ಸುತ್ತಿದ್ದ ಬಟ್ಟೆಯ ಗಂಟಿನೊಳಗೆ ಎರಡು ದೊಡ್ಡ ಗದೆಗಳೂ 23 ಈಟಿ ಎಸೆಯುವ ಸಾಧನಗಳೂ ಇದ್ದವು. ಅವಳು ಕಾಳಗಕ್ಕೆ ಇಳಿದಿದ್ದಳೆಂದು ಇದರಿಂದ ಹೇಳಲಾಗದು. ಆಳುವವರ ಕೈಯಲ್ಲಿ ಗದೆ ಇರಬೇಕಿತ್ತು, ಆಳುವವಳು ಅವಳಾಗಿದ್ದಳು ಎಂದು ಮಾತ್ರ ಧೈರ್ಯವಾಗಿ ಹೇಳಬಹುದು.

ಅದೇ ದಿಬ್ಬದ ಗೋಡೆಯ ಮೇಲೆ, ಚಂದ್ರನ ಗುಡಿಯ ಮುಂಗೋಡೆಯ ಮೇಲೂ, ಬಣ್ಣ ಹಚ್ಚಿದ ಉಬ್ಬುಚಿತ್ರಗಳ ಪಟ್ಟಿಗಳು ಒಂದರ ಮೇಲೊಂದು ಏರುತ್ತವೆ. ಎಲ್ಲಕ್ಕಿಂತ ಕೆಳಗಿನ ಪಟ್ಟಿಯಲ್ಲಿ ಗೆದ್ದ ಯೋಧರು, ಅವರ ಮುಂದೆ ಹಗ್ಗಕ್ಕೆ ಕೊರಳು ಕೊಟ್ಟ ಬೆತ್ತಲೆ ಸೆರೆಯಾಳುಗಳ ಸಾಲು. ಮೇಲಿನ ಪಟ್ಟಿಗಳಲ್ಲಿ ಕೈ ಕೈ ಹಿಡಿದ ಮಂದಿ, ಇನ್ನೂ ಮೇಲೆ ತಲೆ ಕಡಿಯುವ ಜೇಡದಂತಹ ದೇವತೆಗಳು. ಹೂಜಿ ಒಬ್ಬಿಬ್ಬರ ಕೈಯಲ್ಲಿ ತಿರುಗುವ ವಸ್ತು. ಗೋಡೆ ಹಾಗಲ್ಲ. ಅಂಗಳದಲ್ಲಿ ನೆರೆದ ಸಾವಿರಾರು ಜನರ ಕಣ್ಣಿಗೆ ಮೊದಲು ಬೀಳುವುದು ತಮ್ಮಷ್ಟೇ ಎತ್ತರದ ಆ ಸೆರೆಯಾಳುಗಳು. ಅದೇ ಅಂಗಳದಲ್ಲಿ ನಿಜವಾದ ಸೆರೆಯಾಳುಗಳನ್ನು ನಡೆಸಿಕೊಂಡು ಬಂದಾಗ ಗೋಡೆಯ ಸಾಲಿಗೂ ನೆಲದ ಸಾಲಿಗೂ ಎಷ್ಟು ವ್ಯತ್ಯಾಸ ಉಳಿದೀತು?

ನಂಬುವ ವಿಷಯದಲ್ಲಿ ಒಂದು ಎಚ್ಚರಿಕೆಯ ಮಾತು. ಜಗತ್ತಿನ ವಸ್ತುಸಂಗ್ರಹಾಲಯಗಳಲ್ಲಿರುವ ಮೋಚೆ ಹೂಜಿಗಳಲ್ಲಿ ಬಹುಪಾಲು ಗೋರಿಗಳ್ಳರ ಮೂಲಕ ಬಂದವು. ಯಾವ ಊರಿನ ಯಾವ ಗೋರಿಯಲ್ಲಿ, ಯಾರ ಪಕ್ಕದಲ್ಲಿ ಇತ್ತು ಎಂಬ ಮಾಹಿತಿ ಅಗೆದ ದಿನವೇ ಹಾಳಾಯಿತು. ಲಾರ್ಕೊ ಸಂಗ್ರಹಾಲಯದ ಸ್ಥಾಪಕ ರಫಾಯೆಲ್ ಲಾರ್ಕೊ ಓಯ್ಲೆ ಹೂಜಿಯ ಮೂತಿಯ ಆಕಾರ ನೋಡಿ ಐದು ಕಾಲಘಟ್ಟಗಳನ್ನು ವಿಂಗಡಿಸಿದರು. ಆ ವಿಂಗಡಣೆ ದಕ್ಷಿಣದ ಕಣಿವೆಗಳಿಗೆ ಹೊಂದುವಷ್ಟು ಉತ್ತರಕ್ಕೆ ಹೊಂದುವುದಿಲ್ಲ. ಆದ್ದರಿಂದ ಬೇರೆ ಬೇರೆ ಕಾಲದ, ಬೇರೆ ಬೇರೆ ಊರಿನ ಹತ್ತು ಹೂಜಿಗಳನ್ನು ಜೋಡಿಸಿ ಒಂದೇ ಕಥೆ ಹೇಳುವಾಗ, ನಾನು ಮೇಲೆ ಹೇಳಿದಂತೆಯೇ, ಆ ಜೋಡಣೆ ನಮ್ಮದು ಎಂಬುದನ್ನು ನೆನಪಿಟ್ಟಿರಬೇಕು.

ಮುಖದ ಹೂಜಿಗಳು ಎಂಬ ಇನ್ನೊಂದು ಬಗೆ ಇದೆ. ಪೇಟ ಸುತ್ತಿದ ಗಂಡಸಿನ ತಲೆಯೇ ಹೂಜಿಯ ಆಕಾರ. ಸುಕ್ಕು, ಗಾಯ, ಸೊಟ್ಟ ಮೂಗು ಎಲ್ಲವೂ ಒಬ್ಬೊಬ್ಬ ವ್ಯಕ್ತಿಯದೇ. ತುಟಿಯ ಮೇಲೆ ಗಾಯದ ಕಲೆ ಇರುವ ಒಬ್ಬನ ಮುಖ ನಲವತ್ತಕ್ಕೂ ಹೆಚ್ಚು ಹೂಜಿಗಳಲ್ಲಿ ಸಿಕ್ಕಿದೆ, ಬಾಲ್ಯದಿಂದ ಪ್ರೌಢ ವಯಸ್ಸಿನವರೆಗೆ. ಈ ಮುಖಗಳನ್ನು ಒಂದೊಂದಾಗಿ ಹೋಲಿಸಿದ ಡೊನ್ನನ್, ಹೀಗೆ ಗಣ್ಯರಾಗಿ ಕಾಣಿಸಿಕೊಂಡ ಕೆಲವರೇ ಬೇರೆ ಹೂಜಿಗಳಲ್ಲಿ ಕೈ ಕಟ್ಟಿಸಿಕೊಂಡ, ಕೊರಳಿಗೆ ಹಗ್ಗದ ಸೆರೆಯಾಳುಗಳಾಗಿ ಮತ್ತೆ ಕಾಣಿಸುತ್ತಾರೆಂದು ವಾದಿಸಿದರು. ಪೇಟ ಇಲ್ಲ, ಓಲೆ ಇಲ್ಲ, ಮುಖ ಮಾತ್ರ ಅದೇ. ನೀವು ಕೇಳಿದ ಹಬ್ಬದ ಕುಸ್ತಿಯಲ್ಲಿ ಸೋತವನ ಮುಖವನ್ನು ಯಾರೂ ಹೀಗೆ ಉಳಿಸಿಡುವುದಿಲ್ಲ.

ಕೊನೆಯದಾಗಿ ನೀವು ಹುಡುಕಿ ನೋಡಲೇಬೇಕಾದ ಒಂದು ಚಿತ್ರ ಹೇಳುತ್ತೇನೆ. ಚಂದ್ರನ ಗುಡಿಯ ಒಂದು ಗೋಡೆಯ ಮೇಲೆ ಇದ್ದು, 20ನೇ ಶತಮಾನದ ಆರಂಭದಲ್ಲಿ ಬೆಳಕಿಗೆ ಬಂದದ್ದು. ಹೂಜಿಗಳ ಮೇಲೂ ಅಪರೂಪಕ್ಕೆ ಇದೆ. ಅದರಲ್ಲಿ ವಸ್ತುಗಳು ಮನುಷ್ಯರ ಮೇಲೆ ದಂಗೆ ಎದ್ದಿವೆ. ಗದೆ, ಶಿರಸ್ತ್ರಾಣ, ಸೊಂಟಪಟ್ಟಿಗಳಿಗೆ ಕೈಕಾಲು ಮೂಡಿವೆ. ಆಂಡೀಸ್ ಬೆಟ್ಟಗಳ ಕೆಚುವಾ ಭಾಷೆಯಲ್ಲಿ 1600ರ ಸುಮಾರಿಗೆ ಬರೆದಿಟ್ಟ ವರೋಚಿರಿ ಹಸ್ತಪ್ರತಿಯಲ್ಲೂ ಇಂತಹ ಕಥೆ ಇದೆ: ಸೂರ್ಯ ಸತ್ತು ಐದು ದಿನ ಕತ್ತಲಾದಾಗ ಒರಳುಕಲ್ಲುಗಳು ಮನುಷ್ಯರನ್ನು ತಿನ್ನಲು ಬಂದವಂತೆ, ಹೊರೆ ಹೊರುವ ಲಾಮಾ ಪ್ರಾಣಿಗಳು ಜನರನ್ನು ಅಟ್ಟಿಸಿಕೊಂಡು ಹೋದವಂತೆ. ಸಾವಿರ ವರ್ಷಗಳ ಅಂತರದ ಈ ಎರಡು ಒಂದೇ ಕಥೆಯೇ ಎಂಬುದು ಬೇರೆ ಚರ್ಚೆ. ನೀವು ಗಮನಿಸಬೇಕಾದದ್ದು ಚಿತ್ರದಲ್ಲಿ ವಸ್ತುಗಳು ಮನುಷ್ಯರನ್ನು ಹೇಗೆ ಸೋಲಿಸುತ್ತವೆ ಎಂಬುದನ್ನು. ಗದೆಗೆ ಕೈ ಬಂದಿದೆ, ಆದರೂ ಅದು ಯಾರ ತಲೆಯನ್ನೂ ಅಲ್ಲೇ ಒಡೆದು ಕೊಲ್ಲುವುದಿಲ್ಲ. ಓಡುತ್ತಿರುವ ಬೆತ್ತಲೆ ಮನುಷ್ಯನ ಹಿಂದೆ ಓಡಿ, ಕೈ ಚಾಚಿ, ಅವನ ಜುಟ್ಟು ಹಿಡಿಯುತ್ತದೆ.